ದಯೆ ಬೇಡ, ಬಾಕಿ ಕೊಡಿ



1964ರ ಮೇ ತಿಂಗಳಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಕೆಳಗೆ ನಾರಾಯಣಪುರದಲ್ಲಿ ಇನ್ನೊಂದು ಕಟ್ಟೆ ಎದ್ದಿತು. ಕೃಷ್ಣೆಯ ಹಿನ್ನೀರಿಗೆ ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹೊಲ ಹೋದವು, ಮನೆ ಹೋದವು, ಗುಡಿ ಹೋದವು. ಹೊಲ ಕಳಕೊಂಡವರು ಪರಿಹಾರ ತಗೊಂಡರು. ಕೊಟ್ಟದ್ದು ಸಾಲದು ಅಂತ ಕೋರ್ಟಿಗೆ ಹೋದರು. ಕೋರ್ಟು ಬಡ್ಡಿ ಸಮೇತ ಹೆಚ್ಚಿಸಿ ಕೊಟ್ಟದ್ದೂ ಉಂಟು. ಅವರು ಭಿಕ್ಷೆ ತಗೊಂಡರು ಅಂತ ಯಾರಾದರೂ ಅಂದರೇನು? ಇಲ್ಲ. ಅದು ಅವರ ಹಕ್ಕು. ಕಳಕೊಂಡದ್ದಕ್ಕೆ ಬೆಲೆ ಕಟ್ಟಿ ಕೊಡಬೇಕು ಎನ್ನುವುದು ನಮ್ಮ ಜಿಲ್ಲೆಯ ಸಣ್ಣ ಹುಡುಗರಿಗೂ ಗೊತ್ತಿರುವ ನ್ಯಾಯ.

ಅದೇ ಊರುಗಳ ಕೇರಿಗಳಲ್ಲಿ ಇನ್ನೊಂದು ಮುಳುಗಡೆ ನಡೆದಿತ್ತು. ಎಂಟು ಹತ್ತು ವರ್ಷದ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿದರು. ದೇವರಿಗೆ ಬಿಟ್ಟೇವಿ ಅಂದರು. ಮೈನೆರೆದ ಮೇಲೆ ಊರ ಉಳ್ಳವನ ಮನೆಯಿಂದ ಸೀರೆ ಬಂತು, ಕಾಳು ಬಂತು. ಆಮೇಲೆ ಅವನೇ ಬಂದ. ಅವನು ಬಿಟ್ಟ ಮೇಲೆ ಇನ್ನೊಬ್ಬ. ಕೆಲವರನ್ನು ರೈಲು ಹತ್ತಿಸಿ ಸೊಲ್ಲಾಪುರ, ಸಾಂಗ್ಲಿ, ಪುಣೆ, ಮುಂಬಯಿಗೆ ಕಳಿಸಿದರು. ದೇವರಿಗೆ ಬಿಟ್ಟ ಹುಡುಗಿ ಯಾವ ಜಾತಿಯವಳು, ಅವಳ ಮನೆಗೆ ರಾತ್ರಿ ಬಂದವನು ಯಾವ ಜಾತಿಯವನು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಮುಟ್ಟಿಸಿಕೊಳ್ಳದವರು ರಾತ್ರಿ ಮಡಿ ಬಿಟ್ಟು ಬಂದರು.

ಈ ಮುಳುಗಡೆಗೆ ಪರಿಹಾರ ಎಲ್ಲಿದೆ?

ಸರ್ಕಾರ 1993-94ರಲ್ಲಿ ಒಂದು ಸಮೀಕ್ಷೆ ಮಾಡಿತು, 2007-08ರಲ್ಲಿ ಇನ್ನೊಂದು. ಎರಡೂ ಸೇರಿ ರಾಜ್ಯದಲ್ಲಿ 46,660 ಹೆಣ್ಣುಮಕ್ಕಳ ಪಟ್ಟಿ ಆಯಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ತಿಂಗಳ ಮಾಸಾಶನ, ಕೆಲವರಿಗೆ ಮನೆ, ಕೆಲವರಿಗೆ ಎಮ್ಮೆ ಆಡು ಸಾಕಲು ಸಾಲ. ಹೆಸರು ಬಿಟ್ಟುಹೋದವರು ಕಚೇರಿಯಿಂದ ಕಚೇರಿಗೆ ಅಲೆದರು. ಮಾಸಾಶನ ಬೇಡ ಅಂತ ನಾವು ಅನ್ನುವುದಿಲ್ಲ. ಮುಪ್ಪಿನಲ್ಲಿ ಗಂಜಿಗೆ ಅದು ಬೇಕು. ಆದರೆ ಮಾಸಾಶನ ಅಂದರೆ ಸರ್ಕಾರ ಮನಸ್ಸು ಕರಗಿ ಕೊಡುವ ಹಣ. ಇವತ್ತು ಹೆಚ್ಚಿಸಬಹುದು, ನಾಳೆ ತಡೆಹಿಡಿಯಬಹುದು. ಪರಿಹಾರ ಹಾಗಲ್ಲ. ಅನ್ಯಾಯ ಆಗಿದೆ ಅಂತ ಒಪ್ಪಿಕೊಂಡು ಕೊಡುವ ಬಾಕಿ ಅದು. ಇಷ್ಟು ವರ್ಷ ನಮ್ಮ ಅವ್ವಂದಿರಿಗೆ ದಯೆ ಸಿಕ್ಕಿದೆ, ಬಾಕಿ ಸಿಕ್ಕಿಲ್ಲ.

ಸರ್ಕಾರಿ ಕಾಗದದಲ್ಲಿ ಅವರಿಗಿರುವ ಹೆಸರು ನೋಡಿ: 'ಮಾಜಿ ದೇವದಾಸಿ'. ಮಾಜಿ ಶಾಸಕ, ಮಾಜಿ ಸೈನಿಕ ಇದ್ದ ಹಾಗೆ ಮಾಜಿ ದೇವದಾಸಿ! ಅದೇನು ಅವರು ಹಿಡಿದಿದ್ದ ಹುದ್ದೆಯೇ? ರಾಜೀನಾಮೆ ಕೊಟ್ಟು ಹೊರಗೆ ಬಂದರೇ? ಸಣ್ಣ ಹುಡುಗಿಯಾಗಿದ್ದಾಗ ದೊಡ್ಡವರ ಕಾಮಕ್ಕೆ ಬಲಿಯಾದವಳು ಅಂತ ಬರೆಯಲು ಸರ್ಕಾರದ ಲೇಖಣಿಗೆ ನಾಚಿಕೆ. ಹಾಗೆ ಬರೆದರೆ ಅಪರಾಧ ಅಂತ ಆಗುತ್ತದೆ. ಅಪರಾಧ ಅಂದ ಮೇಲೆ ಅಪರಾಧಿ ಯಾರು, ಕಾಯಬೇಕಾದವರು ಎಲ್ಲಿದ್ದರು ಅಂತ ಕೇಳಬೇಕಾಗುತ್ತದೆ.

ಇದು ತಪ್ಪು ಅಂತ ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಬಂದಿತ್ತು. 1936ರ ಜೂನ್‌ನಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ಮುರಳಿ, ಜೋಗತಿ ಹೆಣ್ಣುಮಕ್ಕಳನ್ನೇ ಸೇರಿಸಿ ಈ ಬಾಳನ್ನು ಬಿಡಿ ಅಂತ ನೇರವಾಗಿ ಮಾತಾಡಿದ್ದರು. ಕರ್ನಾಟಕದ್ದೇ ಕಾಯ್ದೆ 1982ರದು, ಅದು 1984ರ 1ನೇ ಕಾಯ್ದೆ ಅಂತ ಪುಸ್ತಕಕ್ಕೆ ಸೇರಿತು. 1990ರಲ್ಲಿ ವಿಶಾಲ್ ಜೀತ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದೇವದಾಸಿ, ಜೋಗಿನಿ ಪದ್ಧತಿಯ ಹೆಸರೆತ್ತಿ, ಮಕ್ಕಳನ್ನು ಈ ದಂಧೆಯಿಂದ ಬಿಡಿಸಿ ನೆಲೆ ಕೊಡಿ ಅಂತ ಸರ್ಕಾರಗಳಿಗೆ ಹೇಳಿತು. ಗೊತ್ತಿದ್ದೂ ಗೊತ್ತಿದ್ದೂ ನಡೆಯಲು ಬಿಟ್ಟದ್ದು ಇದು. ಬಾಕಿಯಲ್ಲಿ ಸರ್ಕಾರದ ಪಾಲೂ ಇದೆ ಅಂತ ನಾವು ಅನ್ನುವುದು ಅದಕ್ಕೇ.

1982ರ ಕಾಯ್ದೆಯನ್ನು ಒಮ್ಮೆ ಓದಿ ನೋಡಿ. ಮುತ್ತು ಕಟ್ಟಿದವರಿಗೆ, ಅದರಲ್ಲಿ ಪಾಲುಗೊಂಡವರಿಗೆ 3 ವರ್ಷದವರೆಗೆ ಶಿಕ್ಷೆ. ಕಟ್ಟಿಸಿದವರು ತಂದೆ ತಾಯಿ, ಸಂಬಂಧಿಕರಾದರೆ 2ರಿಂದ 5 ವರ್ಷ. ಮುತ್ತು ಕಟ್ಟಿದ ಮೇಲೆ ಆ ಹುಡುಗಿಯ ಮೈ ಬಳಸಿಕೊಂಡವನಿಗೆ ಅದಕ್ಕಾಗಿ ಆ ಕಾಯ್ದೆಯಲ್ಲಿ ಬೇರೆ ಶಿಕ್ಷೆ ಇಲ್ಲ. ಹುಡುಗಿಗೆ ಇಷ್ಟು ಪರಿಹಾರ ಕೊಡಬೇಕು ಅಂತಲೂ ಇಲ್ಲ. ಇದರ ಫಲ ಏನಾಯಿತು? ಹುಡುಗಿ ಬಾಯಿ ಬಿಟ್ಟರೆ ಮೊದಲು ಜೈಲಿಗೆ ಹೋಗುವವಳು ಅವಳ ಅವ್ವ. ಅನ್ನ ಇಲ್ಲದೆ, ಗಂಡು ದಿಕ್ಕಿಲ್ಲದೆ, ತಾನೂ ಒಂದು ದಿನ ಮುತ್ತು ಕಟ್ಟಿಸಿಕೊಂಡಿದ್ದ ಅವ್ವ. "ನಮ್ಮವ್ವನ್ನ ಹಿಡಕೊಂಡು ಹೋಗ್ತಾರ, ನಾ ಏನೂ ಹೇಳಂಗಿಲ್ಲ" ಅಂತ ಹುಡುಗಿ ಬಾಯಿ ಮುಚ್ಚಿದಳು. ಉಳ್ಳವನು ಮೀಸೆ ತಿರುವಿಕೊಂಡು ಓಡಾಡಿದ.

ಅದಕ್ಕೇ ನಾವು ಹೇಳುವುದು, ಶಿಕ್ಷೆಯ ಮಾತು ಬೇರೆ, ಪರಿಹಾರದ ಮಾತು ಬೇರೆ. ಶಿಕ್ಷೆ ಆಗಲೇಬೇಕು. ಆದರೆ ಶಿಕ್ಷೆ ಆಗುವ ತನಕ ಪರಿಹಾರ ಕಾಯಬೇಕಾಗಿಲ್ಲ. ಇದು ನಮ್ಮ ಬಯಕೆಯಷ್ಟೇ ಅಲ್ಲ, ಕಾನೂನಿನಲ್ಲೇ ಇರುವ ಮಾತು. ಹಾಸ್ಟೆಲಿನಲ್ಲಿ ಕೂತು ಪರೀಕ್ಷೆಗೆ ಓದುವ ನಾವು ಇದನ್ನೂ ಬಾಯಿಪಾಠ ಮಾಡಬೇಕು.

ಮೊದಲ ಬಾಗಿಲು ದೌರ್ಜನ್ಯ ತಡೆ ಕಾಯ್ದೆ. 1989ರ ಈ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, ಪರಿಶಿಷ್ಟ ಹೆಣ್ಣುಮಗಳನ್ನು ದೇವದಾಸಿಯಾಗಿ ಬಿಡುವುದು, ಅದಕ್ಕೆ ಕುಮ್ಮಕ್ಕು ಕೊಡುವುದು ದೌರ್ಜನ್ಯ ಅಂತ ಸೇರಿತು. ಆರೋಪಿ ಪರಿಶಿಷ್ಟ ಜಾತಿ, ಪಂಗಡದವನಲ್ಲದಿದ್ದರೆ ಈ ಕಾಯ್ದೆ ಹಿಡಿಯುತ್ತದೆ. 2016ರ ನಿಯಮದಲ್ಲಿ ಅತ್ಯಾಚಾರಕ್ಕೆ 5 ಲಕ್ಷ ರೂಪಾಯಿ ಪರಿಹಾರ ಬರೆದಿದೆ: ವೈದ್ಯಕೀಯ ವರದಿ ಬಂದ ಮೇಲೆ ಅರ್ಧ, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಕಾಲು, ಕೆಳಗಿನ ಕೋರ್ಟಿನಲ್ಲಿ ವಿಚಾರಣೆ ಮುಗಿದಾಗ ಇನ್ನೊಂದು ಕಾಲು. ಎಫ್‌ಐಆರ್‌ನಲ್ಲಿ ಈ ಕಾಯ್ದೆಯ ಕಲಮು ಬೀಳದಿದ್ದರೆ ಈ ಹಣವೂ ಇಲ್ಲ. ಆದ್ದರಿಂದ ಎಫ್‌ಐಆರ್ ಪ್ರತಿ ತಗೊಂಡು, ಯಾವ ಕಲಮು ಹಾಕಿದ್ದಾರೆ ಅಂತ ಅಲ್ಲೇ ನಿಂತು ಓದಬೇಕು. ಪ್ರತಿ ಪುಕ್ಕಟೆ ಕೊಡಬೇಕು.

ಎರಡನೆಯದು ಪೋಕ್ಸೊ ಕಾಯ್ದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ತುಂಬದ ಹುಡುಗಿಗೂ ಹುಡುಗನಿಗೂ ಒಂದೇ ರಕ್ಷಣೆ. 2020ರ ನಿಯಮದ ಪ್ರಕಾರ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ಕೋರ್ಟು ಮಧ್ಯಂತರ ಪರಿಹಾರ ಕೊಡಬಹುದು. ಆರೋಪಿಗೆ ಶಿಕ್ಷೆಯಾದರೂ, ಬಿಡುಗಡೆಯಾದರೂ, ಅವನು ಸಿಗದೇ ಹೋದರೂ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆದೇಶ ಕೈಸೇರಿದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು. ಕೋರ್ಟು ತಾನಾಗಿಯೇ ಕೊಡಲೂಬಹುದು, ಆದರೆ ಅರ್ಜಿ ಹಾಕಿ ಕೇಳುವವರಿಲ್ಲದಿದ್ದರೆ ಕಡತ ಕಡತವಾಗಿಯೇ ಉಳಿಯುತ್ತದೆ.

ಮೂರನೆಯದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ನೊಂದವಳು ಇಲ್ಲಿ ಪರಿಹಾರ ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು ಇದನ್ನೇ ಹೇಳುತ್ತವೆ. ಅವ್ವನನ್ನು ಕಟಕಟೆಗೆ ಎಳೆಯದೆ ಮಗಳು ತನ್ನ ಬಾಕಿ ಕೇಳಲು ದಾರಿ ಇದ್ದರೆ ಇಲ್ಲಿಯೇ ಇದೆ. 2018ರ ರಾಷ್ಟ್ರೀಯ ಯೋಜನೆ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ಪರಿಹಾರ ಅನ್ನುತ್ತದೆ, ಅಪ್ರಾಪ್ತಳಾಗಿದ್ದರೆ ಆ ಮಿತಿ ಇನ್ನೂ ಅರ್ಧದಷ್ಟು ಹೆಚ್ಚು. ತೊಡಕು ಏನೆಂದರೆ 3 ವರ್ಷದ ಗಡುವು. ತಕ್ಕ ಕಾರಣ ಇದ್ದರೆ ತಡವಾದದ್ದನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕೇ ಇದೆ. ಹತ್ತು ವರ್ಷದವಳಿದ್ದಾಗ ದೇವರ ಹೆಸರಿನಲ್ಲಿ ಬಾಯಿ ಕಟ್ಟಿದ್ದಕ್ಕಿಂತ ತಕ್ಕ ಕಾರಣ ಇನ್ನೇನು ಬೇಕು?

ನಾಲ್ಕನೆಯದು ಸಿವಿಲ್ ಕೋರ್ಟು. ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. 1963ರ ಕಾಲಮಿತಿ ಕಾಯ್ದೆಯಂತೆ ಚಿಕ್ಕವರಿದ್ದಾಗ ಆದ ಹಾನಿಗೆ 18 ತುಂಬಿದ ಮೇಲೆ ದಾವೆ ಹಾಕಬಹುದು, ಹೆಚ್ಚೆಂದರೆ 3 ವರ್ಷದೊಳಗೆ. 21ಕ್ಕೆ ಬಾಗಿಲು ಬಂದ್. 21ನೇ ವಯಸ್ಸಿನಲ್ಲಿ ಆಕೆ ಎಲ್ಲಿದ್ದಳು? ಕಂಕುಳಲ್ಲಿ ಕೂಸು ಇಟ್ಟುಕೊಂಡು ಕೂಲಿಗೆ ಹೋಗಿದ್ದಳು, ಇಲ್ಲಾ ಯಾವುದೋ ಶಹರದ ಕತ್ತಲ ಖೋಲಿಯಲ್ಲಿದ್ದಳು. ಅತ್ಯಾಚಾರಕ್ಕೆ ಪೊಲೀಸ್ ದೂರು ಕೊಡಲು ಕಾಲಮಿತಿ ಇಲ್ಲ ಅನ್ನುವ ಕಾನೂನು, ಅದೇ ಹಾನಿಗೆ ಹಣ ಕೇಳಲು ಗಡಿಯಾರ ತೋರಿಸುತ್ತದೆ. ಹಳೆಯ ಬಾಕಿ ತೀರಿಸಲು ಆಗುವುದಿಲ್ಲ ಅನ್ನುವವರು ಐರ್ಲೆಂಡ್ ದೇಶ ನೋಡಲಿ. ಆಶ್ರಮ, ವಸತಿಶಾಲೆಗಳಲ್ಲಿ ಹಿಂಸೆ, ಲೈಂಗಿಕ ದೌರ್ಜನ್ಯ ಅನುಭವಿಸಿದ್ದ ಮಕ್ಕಳಿಗೆ, ಅವರು ಮುದುಕರಾದ ಮೇಲೂ, 2002ರಲ್ಲಿ ಕಾಯ್ದೆ ಮಾಡಿ ಪರಿಹಾರ ಮಂಡಳಿ ಕಟ್ಟಿ ಹಣ ಕೊಟ್ಟರು. ಮನಸ್ಸಿದ್ದರೆ ಆಗುತ್ತದೆ.

ಇನ್ನು ನಮ್ಮದೇ ಮಾತು. ನಮ್ಮಲ್ಲಿ ಕೆಲವರು ಹಾಸ್ಟೆಲ್ ಅರ್ಜಿಯಲ್ಲಿ 'ತಂದೆಯ ಹೆಸರು' ಅನ್ನುವ ಗೆರೆಯ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತವರು. ಸೋದರಮಾವನ ಹೆಸರು ಬರೆದವರು, ದೇವರ ಹೆಸರು ಬರೆದವರು. ಅಪ್ಪ ಯಾರೆಂದು ಊರಿಗೆಲ್ಲ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಅವನ ಹೊಲದಲ್ಲೇ ಅವನ ಮಗ ಕೂಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇಂಥ ಮಕ್ಕಳಿಗೆ ತಾಯಿಯ ಆಸ್ತಿ ಕೊಟ್ಟಿತು. ತಾಯಿಯ ಆಸ್ತಿ ಏನಿತ್ತು? ಒಂದು ಜಗ, ಒಂದು ಚೌಡಿಕೆ. ಜೀವನಾಂಶ ಕೇಳುವ ಹಕ್ಕು ಮಕ್ಕಳಿಗೆ ಮೊದಲಿನಿಂದಲೂ ಇದೆ, ಕೇಳಿದವರು ಕಡಿಮೆ. 2025ರ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲ ಹೊಸ ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ಮಕ್ಕಳು ತಂದೆಯ ಗುರುತು ಕೇಳಬಹುದು, ಆಸ್ತಿಯಲ್ಲಿ ಪಾಲು ಕೇಳಬಹುದು ಅಂತ ಅದರಲ್ಲಿದೆ. ದಶಕಗಳ ಕೂಗಿಗೆ ಸಿಕ್ಕ ಗೆಲುವು ಇದು. ಆದರೆ ಉಳ್ಳವನ ಎದುರು ನಿಂತು ಪಾಲು ಕೇಳುವ ಹುಡುಗನ ಬೆನ್ನಿಗೆ ಯಾರು? ಕಾಗದ ಬೆನ್ನಿಗೆ ನಿಲ್ಲುವುದಿಲ್ಲ, ಜನ ನಿಲ್ಲಬೇಕು.

"ರೊಕ್ಕದಾಗ ಮಾನ ಬರ್ತದೇನು? ದುಡ್ಡಿನ ಆಸೆಗೆ ಕೇಸ್ ಹಾಕ್ತಾರ" ಅಂತ ಅನ್ನುವವರಿದ್ದಾರೆ. ಹೊಲ ಮುಳುಗಿದವನಿಗೆ ಹೀಗೆ ಯಾರೂ ಅನ್ನಲಿಲ್ಲವಲ್ಲ? ಹಣದಿಂದ ಕಳೆದ ಬಾಲ್ಯ ಬರುವುದಿಲ್ಲ, ನಮಗೂ ಗೊತ್ತು. ಆದರೆ ಹಣ ಇದ್ದರೆ ಆ ಅವ್ವ ಸಾಹುಕಾರನ ಸಾಲದಿಂದ ಬಿಡುಗಡೆಯಾಗುತ್ತಾಳೆ. ಮಗಳನ್ನು ಓದಿಸುತ್ತಾಳೆ. ಆ ಮಗಳ ಕೊರಳಿಗೆ ಮತ್ತೆ ಮುತ್ತು ಬೀಳುವುದಿಲ್ಲ. ಮಾನದ ಮಾತು ಕೇಳಬೇಕಾದ್ದು ರಾತ್ರಿ ಬಂದು ಹೋದವನನ್ನು.

ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ಬಸವಣ್ಣ ಹುಟ್ಟಿದ ನೆಲದಲ್ಲಿ ನಿಂತು ಶರಣರ ಸಂಗಡ ಸಂಕವ್ವನೂ ಇದ್ದಳು ಅಂತ ಭಾಷಣ ಹೊಡೆಯುತ್ತೇವೆ. ಹಾಸ್ಟೆಲಿಗೆ ಬಂದು ಜಗಳವಾದರೆ ಗೆಳೆಯನ ತಾಯಿಯ ಹೆಸರೆತ್ತಿ ಬೈಯುತ್ತೇವೆ. ಆ ಬೈಗುಳ ಇವತ್ತೇ ನಿಲ್ಲಬೇಕು. ಹಾಸ್ಟೆಲಿನೊಳಗೇ ಚಿಕ್ಕ ಹುಡುಗರಿಗೆ, ಹುಡುಗಿಯರಿಗೆ ದೊಡ್ಡವರಿಂದ ಇಂಥದ್ದು ಆದಾಗ "ಮರ್ಯಾದೆ ಹೋಗ್ತದ, ಸುಮ್ನಿರು" ಅಂದದ್ದು ನಮ್ಮಲ್ಲಿ ಯಾರೂ ಇಲ್ಲವೇ? ಗೊತ್ತಿದ್ದೂ ದೂರು ಕೊಡದೆ ಇರುವುದು ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ವಾರ್ಡನ್ನರಿಗೂ ಅನ್ವಯ, ನಮಗೂ ಅನ್ವಯ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗೆಳೆಯರು ಇಷ್ಟು ಮಾಡಬೇಕು:

1. ನಾಲ್ಕೂ ತಾಲೂಕಿನ ಕೋರ್ಟುಗಳಲ್ಲಿ ಕಾನೂನು ಸೇವೆಗಳ ಸಮಿತಿ ಇದೆ. ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ, ವರಮಾನ ಎಷ್ಟೇ ಇರಲಿ. ರಜೆಗೆ ಊರಿಗೆ ಹೋದಾಗ ಆ ಕಚೇರಿ ನೋಡಿ ಬನ್ನಿ. ಅರ್ಜಿ ಬರೆಯುವುದನ್ನು ಕಲಿಯಿರಿ.

2. ಯಾವ ಅವ್ವನನ್ನೂ, ಅಕ್ಕನನ್ನೂ ಕೆದಕಿ ಕೇಳಬೇಡಿ. ದಾರಿ ಇದೆ ಅಂತಷ್ಟೇ ತಿಳಿಸಿ. ಬೇಕು ಅಂದರೆ ಜೊತೆಗೆ ಹೋಗಿ, ಬೇಡ ಅಂದರೆ ಬಿಡಿ. ಹೆಸರು, ಊರು, ಫೋಟೋ ಹೊರಗೆ ಹಾಕುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ.

3. ಊರ ಹಿರಿಯರು ಕಟ್ಟೆ ಮೇಲೆ ಕೂತು ಇಷ್ಟು ಕೊಟ್ಟು ಮುಗಿಸೋಣ ಅಂದರೆ ಹೆಬ್ಬೆಟ್ಟು ಒತ್ತಲು ಬಿಡಬೇಡಿ. ಪೋಕ್ಸೊ ಪ್ರಕರಣ ಕಟ್ಟೆಯ ಮೇಲೆ ರಾಜಿಯಾಗುವುದಿಲ್ಲ.

4. ಸರ್ಕಾರ ಯಾವ ಸಮೀಕ್ಷೆ ಮಾಡಿದರೂ ಒಂದು ಪ್ರಶ್ನೆ ಸೇರಿಸಲು ಒತ್ತಾಯಿಸಿ: ಮುತ್ತು ಕಟ್ಟಿದಾಗ ನಿನಗೆ ವಯಸ್ಸೆಷ್ಟು? 18ರ ಒಳಗೆ ಅಂದವರೆಲ್ಲ ಪರಿಹಾರಕ್ಕೆ ಹಕ್ಕುದಾರರು. ಅವರಿಗೆ ಮೂರು ವರ್ಷದ ಗಡುವು ಹೇಳುವುದನ್ನು ಬಿಡಬೇಕು.

ನಮ್ಮ ಅವ್ವಂದಿರು ಕೇಳದೆಯೇ ಮುದುಕಿಯರಾದರು, ಕೇಳದೆಯೇ ಹಲವರು ಮಣ್ಣಿಗೆ ಹೋದರು. ಅವರ ಅನ್ನ ಉಂಡು ಅಕ್ಷರ ಕಲಿತವರು ನಾವು. ಆ ಅಕ್ಷರದಲ್ಲಿ ಮೊದಲು ಬರೆಯಬೇಕಾದದ್ದು ಅವರ ಅರ್ಜಿ.