ಮನೋಬಲಕ್ಕೆ ಎಷ್ಟು ಹಲ್ಲು?

ಕಳೆದ ವರ್ಷ ಬೆಂಗಳೂರಿನ ಒಂದು ಕಾಲೇಜಿಗೆ ಪ್ರಬಂಧ ಸ್ಪರ್ಧೆಯ ತೀರ್ಪುಗಾರಳಾಗಿ ಹೋಗಿದ್ದೆ. ಬಹುಮಾನ ಕೊಡಲು ಬಂದ ಮುಖ್ಯ ಅತಿಥಿ ಆಲ್ಪ್ಸ್ ಪರ್ವತಗಳಲ್ಲಿ ನಡೆಯುವ ಹವ್ಯಾಸಿಗಳ ಸೈಕಲ್ ಸವಾಲೊಂದನ್ನು ಮುಗಿಸಿ ಬಂದಿದ್ದ ಉದ್ಯಮಿ. ಪರದೆಯ ಮೇಲೆ ಹಿಮದ ಶಿಖರಗಳು, ತಿರುವಿನ ಮೇಲೆ ತಿರುವು, ಕೊರಳಲ್ಲಿ ಪದಕ. ಅವರು ಹೇಳಿದ್ದರ ಸಾರ ಇಷ್ಟು: ಅರ್ಧ ದಾರಿಯಲ್ಲೇ ಕಾಲು ಸೋತವು, ಉಳಿದರ್ಧ ಹತ್ತಿದ್ದು ಮನಸ್ಸು, ನೀವೂ ಮನಸ್ಸು ಗಟ್ಟಿ ಮಾಡಿದರೆ ಯಾವ ಬೆಟ್ಟವೂ ದೊಡ್ಡದಲ್ಲ. ಸಭಾಂಗಣವೆಲ್ಲ ಚಪ್ಪಾಳೆ. ನಾನೂ ತಟ್ಟಿದೆ. ಹೊರಗೆ ಕಾಫಿ ಕುಡಿಯುವಾಗ ಎರಡನೇ ವರ್ಷದ ಬಿ.ಎ. ಹುಡುಗನೊಬ್ಬ ಹತ್ತಿರ ಬಂದು, "ಮೇಡಂ, ಆ ಥರದ ಸೈಕಲ್‌ಗೆ ಎಷ್ಟಾಗುತ್ತೆ?" ಅಂತ ಮೆಲ್ಲಗೆ ಕೇಳಿದ. ಹೇಳಿದೆ. "ಓ" ಎಂದು ಲೋಟ ಇಟ್ಟು ಹೊರಟುಹೋದ.

ಆ ದಿನ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಅದನ್ನು ವೇದಿಕೆಯ ಮೇಲೆ ಯಾರೂ ಕೇಳಲಿಲ್ಲ, ಕೇಳಲು ಬರುವಂಥ ಭಾಷಣವೂ ಅದಾಗಿರಲಿಲ್ಲ. ಇಂಥ ಭಾಷಣ ಮತ್ತು ಇದೇ ಧಾಟಿಯಲ್ಲಿ ನಮ್ಮ ಪುರವಣಿಗಳಲ್ಲಿ ಬರುವ 'ಸಾಧಕ'ರ ಲೇಖನಗಳ ವಿರುದ್ಧ ನನ್ನ ತಕರಾರಿದೆ. ಆ ಮನುಷ್ಯನ ಬಗ್ಗೆ ಅಲ್ಲ. ಅವರು ಬೆಟ್ಟ ಹತ್ತಿದ್ದು ನಿಜ, ಅವರ ಬೆವರೂ ನಿಜ. ಕೊಟ್ಟ ಲೆಕ್ಕ ಮಾತ್ರ ಸುಳ್ಳು.

ದೂರ ನಿಂತು ಹೇಳುತ್ತಿಲ್ಲ. ಮುಂದಿನ ಬೇಸಿಗೆಗೆ ಫ್ರಾನ್ಸಿನ 'ಲಾ ಮಾರ್ಮೊಟ್' ಎಂಬ ಸವಾಲಿಗೆ ನಾನೂ ತಯಾರಾಗುತ್ತಿದ್ದೇನೆ. ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿ ದೇವಸ್ಥಾನದಿಂದ ಎರಡು ಬೀದಿ ಆಚೆ, ಇಬ್ಬರು ಗೆಳತಿಯರ ಜೊತೆ ಬಾಡಿಗೆಗೆ ಹಿಡಿದ ಮೂರನೇ ಮಹಡಿಯ ಮನೆ ನನ್ನದು. ಸೈಕಲ್ ನಿಲ್ಲುವುದು ಪುಸ್ತಕದ ಕಪಾಟಿನ ಪಕ್ಕ. ಅದರ ಚೈನಿನ ಎಣ್ಣೆ ನನ್ನ ಪ್ರಬಂಧದ ಎರಡನೇ ಅಧ್ಯಾಯದ ಕರಡಿಗೂ ಹತ್ತಿದೆ.

1982ರಲ್ಲಿ ಶುರುವಾದ ಈ ಮಾರ್ಮೊಟ್‌ನಲ್ಲಿ ಒಂದೇ ದಿನ ಸುಮಾರು 175 ಕಿಲೋಮೀಟರ್ ದೂರ, ಒಟ್ಟು 5000 ಮೀಟರ್ ಏರು. ಕನ್ನಡದ ಕಣ್ಣಿಗೆ ಕಾಣುವಂತೆ ಹೇಳಬೇಕೆಂದರೆ, ಮೊದಲು ಬರುವ ಗ್ಲಾಂಡೊನ್ ಕಣಿವೆದಾರಿಯ ಎತ್ತರ 1924 ಮೀಟರ್, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ಆಮೇಲೆ ಟೆಲಿಗ್ರಾಫ್, ಅದರ ಬೆನ್ನಿಗೇ ಗಾಲಿಬಿಯೇ, 2642 ಮೀಟರ್. ಊಟಿಯ ದೊಡ್ಡಬೆಟ್ಟಕ್ಕಿಂತ ಐದು ಮೀಟರ್ ಹೆಚ್ಚು. ಇಷ್ಟಾದ ಮೇಲೆ, ಸಂಜೆ ಹೊತ್ತಿಗೆ, ಆಲ್ಪ್ ದ್ಯುಯೇಜ್: 21 ತಿರುವು, ಸುಮಾರು 14 ಕಿಲೋಮೀಟರ್, ಸರಾಸರಿ ಶೇಕಡಾ 8ರ ಏರು. ಅದರ ಬುಡಕ್ಕೆ ಹೊತ್ತಿಗೆ ಸರಿಯಾಗಿ ಬರದವರನ್ನು ಮೇಲೆ ಬಿಡುವುದಿಲ್ಲ.

ಬೆಂಗಳೂರಿನವರಿಗೆ ಬೆಟ್ಟವೆಂದರೆ ನಂದಿ. ಬುಡದಿಂದ ತುದಿಗೆ ಸುಮಾರು 8 ಕಿಲೋಮೀಟರ್, ಏರು 450 ಮೀಟರಿನ ಆಸುಪಾಸು. ಮಾರ್ಮೊಟ್ ಎಂದರೆ ಒಂದೇ ದಿನ ಹನ್ನೊಂದು ನಂದಿ. ನಾನು, ಸೈಕಲ್ಲು, ನೀರು, ಬೂಟು ಎಲ್ಲ ಸೇರಿ 70 ಕೆ.ಜಿ. ಇಷ್ಟು ತೂಕವನ್ನು 5000 ಮೀಟರ್ ಎತ್ತಲು ಬೇಕಾದ ಕೆಲಸ ಸುಮಾರು 34 ಲಕ್ಷ ಜೂಲ್. ಪಿಯುಸಿ ಭೌತಶಾಸ್ತ್ರ, ಇನ್ನೇನಲ್ಲ. ನಮ್ಮ ದೇಹ ತಿಂದದ್ದರಲ್ಲಿ ಕಾಲು ಭಾಗವನ್ನೂ ಸರಿಯಾಗಿ ಪೆಡಲಿಗೆ ಮುಟ್ಟಿಸದು. ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಬರಿಯ ಏರಿಗೇ ಮೂರೂವರೆ ಸಾವಿರ ಕಿಲೋಕ್ಯಾಲರಿ. ಅದನ್ನು ಗಂಟೆಗೆ 60 ಗ್ರಾಂ ಸಕ್ಕರೆಯ ಲೆಕ್ಕದಲ್ಲಿ, ಬಾಳೆಹಣ್ಣು, ಖರ್ಜೂರ, ಕಡಲೆಮಿಠಾಯಿ ಎಂದು ದಿನವಿಡೀ ಬಾಯಿಗೆ ಹಾಕುತ್ತಿರಬೇಕು. ಅದಕ್ಕೂ ಅಭ್ಯಾಸ ಬೇಕು, ಕಾಲಿಗೆ ಹೇಗೋ ಹೊಟ್ಟೆಗೂ ಹಾಗೇ. ಇನ್ನು ಗಾಲಿಬಿಯೇ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮುಕ್ಕಾಲು ಪಾಲಿಗೂ ಸ್ವಲ್ಪ ಕಡಿಮೆ. ಈ ಅಂಕಿಗಳಲ್ಲಿ ಯಾವುದೂ ನನ್ನ ಸಂಕಲ್ಪದ ಮುಖ ನೋಡುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಮೊಣಕಾಲಿನಿಂದ ಕಲಿತೆ. ನನ್ನ ಮೊದಲ ರೋಡ್ ಬೈಕ್ ಸೆಕೆಂಡ್ ಹ್ಯಾಂಡ್. ಪೆಡಲಿನ ಹತ್ತಿರದ ಚಿಕ್ಕ ಚಕ್ರಕ್ಕೆ 39 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 25. ಒಂದು ಸಲ ತುಳಿದರೆ ಸೈಕಲ್ ಮೂರು ಮೀಟರಿಗಿಂತ ಜಾಸ್ತಿ ಮುಂದೆ ಹೋಗಲೇಬೇಕು. ಸಪಾಟು ರಸ್ತೆಯಲ್ಲಿ ಒಳ್ಳೆಯದೇ. ಕಡಿದಾದ ಏರಿನಲ್ಲಿ ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಅದು ನಿಮಿಷಕ್ಕೆ 36 ಸುತ್ತು. ಪ್ರತಿ ಸುತ್ತೂ ಅಕ್ಕಿಮೂಟೆ ಹೊತ್ತು ಮೆಟ್ಟಿಲು ಹತ್ತಿದ ಹಾಗೆ. ಮೊಣಕಾಲ ಚಿಪ್ಪಿನ ಕೆಳಗೆ ನೋವು ಶುರುವಾದಾಗ ಜೊತೆಯ ಸವಾರರು ಹೇಳಿದ್ದು, ನೋವೆಲ್ಲ ತಲೆಯಲ್ಲಿರುವುದು ಅಂತ. ನಂಬಿದೆ. ನಂಬಿ ಇನ್ನೂ ಐದು ಭಾನುವಾರ ತುಳಿದೆ. ಆರನೇ ವಾರ ಗ್ರಂಥಾಲಯದ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದು ನಿಂತೆ. ಎರಡು ತಿಂಗಳು ಸೈಕಲ್ ಮುಟ್ಟಲಿಲ್ಲ. ಆ ಎರಡು ತಿಂಗಳಲ್ಲಿ ನನ್ನನ್ನು ತಿಂದದ್ದು ನೋವಿಗಿಂತ ಹೆಚ್ಚಾಗಿ ನಾಚಿಕೆ. ನಾನು ಗಟ್ಟಿಯಲ್ಲ, ನನ್ನಿಂದ ಆಗುವುದಿಲ್ಲ ಎಂದುಕೊಂಡೇ ಮಲಗುತ್ತಿದ್ದೆ. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಸೈಕಲ್ಲನ್ನೂ ತರಲು ಹೇಳಿ, ಹಿಂದಿನ ಚಕ್ರದ ಹಲ್ಲು ಎಣಿಸಿ ನಕ್ಕರು. ಈಗ ನನ್ನದು ಮುಂದೆ 34, ಹಿಂದೆ 34. ಅದೇ ವೇಗಕ್ಕೆ ನಿಮಿಷಕ್ಕೆ 55 ಸುತ್ತು. ನನ್ನ ಮನೋಬಲ ಮೊದಲು ಇದ್ದಷ್ಟೇ ಇದೆ.

ಮನೋಬಲದ ಈ ಕಥೆಗೆ ಒಂದು ಹುಟ್ಟೂರೂ ಇದೆ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ್ದು ಅದನ್ನೇ. 1903ರಲ್ಲಿ ಟೂರ್ ದ ಫ್ರಾನ್ಸ್ ಹುಟ್ಟಿದ್ದು 'ಲೊಟೊ' ಎಂಬ ಪತ್ರಿಕೆಯ ಪ್ರಸಾರ ಏರಿಸಲಿಕ್ಕೆ. ಸಂಪಾದಕ ಆನ್ರಿ ದೆಗ್ರಾಂಜ್‌ಗೆ ಪ್ರತಿದಿನ ಬೆಳಿಗ್ಗೆ ಮಾರಲು ವೀರರು ಬೇಕಾಗಿತ್ತು. 1910ರಲ್ಲಿ ಪಿರೆನೀಸ್ ಪರ್ವತಗಳಿಗೆ, 1911ರಲ್ಲಿ ಇದೇ ಗಾಲಿಬಿಯೇಗೆ ಸವಾರರನ್ನು ಹತ್ತಿಸಿದ. ಪಿರೆನೀಸ್‌ನಲ್ಲಿ ಒಕ್ತಾವ್ ಲಪೀಜ್ ಎಂಬ ಸವಾರ ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದು ಪ್ರಸಿದ್ಧ. ಆ ವರ್ಷ ಗೆದ್ದವನೂ ಅವನೇ. ಗೇರು ಬದಲಿಸುವ ಸಾಧನ ಆಗಲೇ ಪ್ರವಾಸಿ ಸವಾರರ ಬಳಿ ಇತ್ತು. ದೆಗ್ರಾಂಜ್‌ಗೆ ಅದು ಹಿಡಿಸಲಿಲ್ಲ. ಅದೆಲ್ಲ 45 ದಾಟಿದವರಿಗೆ, ಯಂತ್ರದ ಉಪಾಯಕ್ಕಿಂತ ಸ್ನಾಯುವಿನ ಬಲದಿಂದ ಗೆಲ್ಲುವುದೇ ಲೇಸು ಎಂಬ ಅರ್ಥದಲ್ಲಿ ಬರೆದ. ಟೂರ್‌ನಲ್ಲಿ ಡೆರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಂದರೆ ಮೂರು ದಶಕಕ್ಕೂ ಹೆಚ್ಚು ಕಾಲ ಯಾರದೋ ಮೊಣಕಾಲಿನ ಚಿಪ್ಪಿನ ಮೇಲೆ ಪತ್ರಿಕೆಯವರ ಮಹಾಕಾವ್ಯ ನಡೆಯಿತು. ರೋಲಾಂ ಬಾರ್ತ್ 1957ರ 'ಮಿಥಾಲಜೀಸ್' ಪುಸ್ತಕದಲ್ಲಿ ಟೂರ್ ಅನ್ನು ಮಹಾಕಾವ್ಯವಾಗಿಯೇ ಓದಿದ್ದಾನೆ. ನಮ್ಮ ವಿಭಾಗಗಳಲ್ಲಿ ಬಾರ್ತ್ ಪಾಠವಾಗುತ್ತಾನೆ, ಕಾಲೇಜು ವೇದಿಕೆಯ ಮುಖ್ಯ ಅತಿಥಿ ಮಾತ್ರ ಯಾರ ವಿಶ್ಲೇಷಣೆಗೂ ಸಿಗದೆ ಹಾರ ಹಾಕಿಸಿಕೊಂಡು ಹೋಗುತ್ತಾನೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಎಷ್ಟಾಗುತ್ತೆ? ವಿಮಾನದ ಟಿಕೆಟ್, ಸೈಕಲ್ ಬಿಚ್ಚಿ ತುಂಬುವ ಪೆಟ್ಟಿಗೆ, ಪ್ರವೇಶ ಶುಲ್ಕ, ಆರು ರಾತ್ರಿಯ ವಾಸ, 90 ಯೂರೋ ವೀಸಾ ಶುಲ್ಕ, ವಿಮೆ ಎಲ್ಲ ಸೇರಿ ನನ್ನ ಲೆಕ್ಕ ಎರಡು ಲಕ್ಷ ದಾಟಿದೆ, ಸೈಕಲ್ ಬಿಟ್ಟು. ನನಗೆ ಜೆಆರ್‌ಎಫ್ ಇದೆ, ತಿಂಗಳಿಗೆ 37,000 ರೂಪಾಯಿ. ಶಿಷ್ಯವೇತನವೇ ಇಲ್ಲದೆ ಸಂಶೋಧನೆ ಮಾಡುವ ಗೆಳೆಯರ ಮುಂದೆ ಇದನ್ನು ಹೇಳಲು ಮುಜುಗರವಾಗುತ್ತದೆ. ಮೂರು ವರ್ಷ ಕೂಡಿಟ್ಟಿದ್ದೇನೆ, ಊರಿಗೆ ಕಳಿಸಬೇಕಾದದ್ದರಲ್ಲಿ ಒಂದಿಷ್ಟು ಕಳಿಸದೆ. ಇದನ್ನೂ ಲೆಕ್ಕದಲ್ಲಿ ಬರೆಯಬೇಕಲ್ಲ.

ದುಡ್ಡಿನ ಆಮೇಲೆ ರಸ್ತೆ. ದೊಮ್ಮಲೂರಿನಿಂದ ನಂದಿಯ ಬುಡಕ್ಕೆ ಸುಮಾರು 60 ಕಿಲೋಮೀಟರ್. ಬಿಸಿಲು ಮತ್ತು ಲಾರಿ ಎರಡೂ ಏಳುವ ಮೊದಲು ಹೋಗಿ ಮುಟ್ಟಬೇಕೆಂದರೆ ನಸುಕಿನ ನಾಲ್ಕಕ್ಕೆ ಮನೆ ಬಿಡಬೇಕು. ಇಂದಿರಾನಗರ, ಹಲಸೂರು, ಮೇಖ್ರಿ ವೃತ್ತ, ಹೆಬ್ಬಾಳ. ಹೆಣ್ಣೊಬ್ಬಳು ಆ ಹೊತ್ತಿನಲ್ಲಿ ಒಬ್ಬಳೇ ಹೊರಟರೆ ಪಕ್ಕದಲ್ಲೇ ನಿಧಾನಿಸಿಕೊಂಡು ಬರುವ ಕಾರುಗಳ ಬಗ್ಗೆ ಯಾವ ಸಾಧಕರೂ ಬರೆದದ್ದು ನೋಡಿಲ್ಲ. ಬೀದಿನಾಯಿಗಳೇ ವಾಸಿ, ಬೊಗಳಿ ಬಿಡುತ್ತವೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದು ನೆನಪಿರಬಹುದು. ಕಂಬಗಳು ಎಷ್ಟು ದಿನ ನಿಂತವು ಎನ್ನುವುದೂ ನೆನಪಿರಬಹುದು.

ಆ ನಾಲ್ಕು ಗಂಟೆಗೆ ದೊಮ್ಮಲೂರು ಮೇಲ್ಸೇತುವೆಯ ಕೆಳಗೆ ನನಗೆ ದಿನವೂ ಎದುರಾಗುವ ಸೈಕಲ್ ಸವಾರರೊಬ್ಬರಿದ್ದಾರೆ. ಟೆಕ್ ಪಾರ್ಕೊಂದರಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ, ಐವತ್ತು ದಾಟಿದ ವಯಸ್ಸು, ಒಂದೇ ಗೇರಿನ ಕಬ್ಬಿಣದ ಸೈಕಲ್. ಮನೆ ಕೆ.ಆರ್. ಪುರದ ಆಚೆ. ಹನ್ನೆರಡು ಗಂಟೆ ನಿಂತ ಕಾಲಿನಲ್ಲಿ ತುಳಿದುಕೊಂಡು ಹೋಗುತ್ತಾರೆ. "ಏನಮ್ಮಾ, ಬೆಟ್ಟಾನಾ?" ಎನ್ನುತ್ತಾರೆ. "ಹೂಂ ಅಣ್ಣಾ" ಎನ್ನುತ್ತೇನೆ. ಇವರನ್ನು ಇನ್ನೂ ಯಾವ ಕಾಲೇಜೂ ಮುಖ್ಯ ಅತಿಥಿಯಾಗಿ ಕರೆದಿಲ್ಲ.

ನನ್ನ ಊರು ಬಾಗಲಕೋಟೆ ಕಡೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ದಶಕಗಳಿಂದ ಕೊಡುತ್ತ ಬಂದಿವೆ. ಚಂದರಗಿಯ ಕ್ರೀಡಾಶಾಲೆಯ ಹೆಸರು ನಮ್ಮ ಕಡೆ ಮನೆಮಾತು. ತಾಂಡಾಗಳಿಂದ, ಹೊಲದ ಮನೆಗಳಿಂದ ಬಂದ ಮಕ್ಕಳು ಅವರು. ಹೆದ್ದಾರಿ ಬದಿಯಲ್ಲಿ ಲಾರಿಯ ಗಾಳಿಗೆ ತೂರಾಡುತ್ತ ತುಳಿಯುವ ಆ ಹುಡುಗ ಹುಡುಗಿಯರನ್ನು ನೋಡುತ್ತಲೇ ನಾನು ಬೆಳೆದೆ. ವಿಜಯಪುರದ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಹೇಗೆ ಕುಂಟಿತು ಎನ್ನುವುದು ಪತ್ರಿಕೆ ಓದುವವರಿಗೆ ಗೊತ್ತು. ಅವರಲ್ಲಿ ಅರ್ಧ ಜನ ನನ್ನನ್ನು ಗಾಲಿಬಿಯೇ ಏರಿನಲ್ಲಿ ಮಾತಾಡುತ್ತಲೇ ಹಿಂದೆ ಹಾಕಬಲ್ಲರು. ಆದರೆ ಅಲ್ಲಿಗೆ ಹೋಗುವುದು ನಾನು. ನನಗೆ ಬ್ಯಾಂಕಿನಲ್ಲಿ ಆರು ತಿಂಗಳ ವಹಿವಾಟು ತೋರಿಸಲು ಬರುತ್ತದೆ, ಇಂಗ್ಲಿಷಿನಲ್ಲಿ ಅರ್ಜಿ ತುಂಬಲು ಬರುತ್ತದೆ. ಇದರಲ್ಲಿ ಮನಸ್ಸಿನ ಪಾಲು ಎಷ್ಟು?

"ಹಾಗಿದ್ದರೆ ನೀನ್ಯಾಕೆ ಹೋಗುತ್ತೀ? ಇದೆಲ್ಲ ಉಳ್ಳವರ ಶೋಕಿ, ಥೀಸಿಸ್ ಮುಗಿಸು" ಎಂದು ನಮ್ಮ ವಿಭಾಗದ ಗೆಳೆಯರು ಅನ್ನುತ್ತಾರೆ. ಪ್ರಗತಿಪರರ ಈ ಮಾತು ನನಗೆ ಮುಖ್ಯ ಅತಿಥಿಯ ಮಾತಿನ ಅವಳಿಯಂತೆ ಕೇಳುತ್ತದೆ. ಅವರು ಬೆಟ್ಟವನ್ನು ಮನಸ್ಸು ಗಟ್ಟಿಯಿದ್ದವರಿಗೆ ಬರೆದುಕೊಟ್ಟರು, ಇವರು ಕಾಸಿದ್ದವರಿಗೆ. ನನಗೆ ಹತ್ತುವುದು ಇಷ್ಟ. ನಂದಿಯ ಕೊನೆಯ ತಿರುವುಗಳಲ್ಲಿ ಮಂಜು ಕವಿದು ಮುಂದಿನ ಚಕ್ರವಷ್ಟೇ ಕಾಣುವ ಹತ್ತು ನಿಮಿಷ ನನಗೆ ಯಾವ ಓದಿನಲ್ಲೂ ಸಿಕ್ಕಿಲ್ಲ. ಇಷ್ಟವನ್ನು ಶೋಕಿ ಅಂದರೆ ಅನ್ನಲಿ; ಎಮ್.ಎ. ಮಾಡಿದ್ದೂ ನಮ್ಮ ಮನೆಯವರ ದೃಷ್ಟಿಯಲ್ಲಿ ಶೋಕಿಯೇ ಆಗಿತ್ತು.

ಮನಸ್ಸು ಬೇಡವೇ ಬೇಡ ಎನ್ನುತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಇಟ್ಟು ಮಲಗಲು ಮನಸ್ಸು ಬೇಕು. ಮೊಣಕಾಲು ನೋಯುತ್ತಿದ್ದರೆ ದೇವನಹಳ್ಳಿಯಿಂದಲೇ ಹಿಂದಿರುಗಲು ಇನ್ನೂ ಹೆಚ್ಚು ಬೇಕು, ಏಕೆಂದರೆ ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಮ್ಮ ಸೋದರತ್ತೆ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದವಳು. ಉತ್ತರ ಕರ್ನಾಟಕದಿಂದ ವರ್ಷವರ್ಷವೂ ಸಾವಿರಾರು ಜನ ಹೋಗುತ್ತಾರೆ, ಬಿಸಿಲಲ್ಲಿ, ಕಾಡಲ್ಲಿ, ಗುಡ್ಡದಲ್ಲಿ. ಹೇಗೆ ನಡೆದೆ ಎಂದು ಒಮ್ಮೆ ಕೇಳಿದ್ದೆ. ಎಲ್ಲೆಲ್ಲಿ ದಾಸೋಹ ಇತ್ತು, ಯಾವ ಊರಿನವರು ಮಜ್ಜಿಗೆ ಕೊಟ್ಟರು, ಯಾರು ಕಾಲಿಗೆ ಎಣ್ಣೆ ತಿಕ್ಕಿದರು, ಯಾರು ತನ್ನ ಗಂಟು ಹೊತ್ತರು ಎಂದು ಅರ್ಧ ತಾಸು ಹೇಳಿದಳು. ಕೊನೆಗೆ, "ಮಲ್ಲಯ್ಯ ಕರ್ಕೊಂಡ ಹೋದ, ಹೋದ್ನಿ" ಅಂದಳು. ನಾನು ದೇವರನ್ನು ನಂಬುವವಳಲ್ಲ. ಆದರೆ ಬೆಟ್ಟ ಹತ್ತಿದ್ದರ ಲೆಕ್ಕ ಒಪ್ಪಿಸುವುದು ಹೇಗೆಂದು ಕೇಳಿದರೆ ಅತ್ತೆಯ ಆ ಅರ್ಧ ತಾಸು ನನಗೆ ಮಾದರಿ. ಮಾರ್ಮೊಟ್‌ನಲ್ಲೂ ದಾರಿಯುದ್ದಕ್ಕೂ ನೀರು, ತಿನಿಸು ಹಿಡಿದು ನಿಲ್ಲುವ ಸ್ವಯಂಸೇವಕರಿದ್ದಾರೆ. ಇಳಿಜಾರಿನಲ್ಲಿ ಸಮಯ ಉಳಿಸಲು ಹೋಗಿ ಜನ ಬಿದ್ದದ್ದರಿಂದ ಗ್ಲಾಂಡೊನ್ ಇಳಿಯುವಷ್ಟು ಹೊತ್ತು ಗಡಿಯಾರವನ್ನು ಲೆಕ್ಕಕ್ಕೆ ಹಿಡಿಯದ ಏರ್ಪಾಡಿದೆ. ಪದಕದ ಫೋಟೋದಲ್ಲಿ ಇವರ್ಯಾರೂ ಬರುವುದಿಲ್ಲ.

ಆ ಕಾಲೇಜಿನ ಹುಡುಗನನ್ನು ಆಮೇಲೆ ಪತ್ತೆ ಹಚ್ಚಿದೆ. ಅವನ ಹತ್ತಿರ ಗೇರಿಲ್ಲದ ಸೈಕಲ್ಲೊಂದಿದೆ. ನನ್ನ ಹಳೆಯ ರೋಡ್ ಬೈಕು, ಆ 39 ಹಲ್ಲಿನದ್ದು, ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿತ್ತು. ಹಿಂದಿನ ಚಕ್ರ ಮಾತ್ರ ಬದಲಿಸಿ ಅವನಿಗೆ ಕೊಟ್ಟಿದ್ದೇನೆ. ಕೊಟ್ಟದ್ದಲ್ಲ, ಎರವಲು, ಜುಲೈವರೆಗೆ. ಮೊದಲ ಭಾನುವಾರ ಹೆಬ್ಬಾಳದವರೆಗೆ ಬಂದು ಪಂಕ್ಚರ್ ಆಯಿತು, ಟ್ಯೂಬ್ ಬದಲಿಸಲು ನಲವತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಬಿಸಿಲೇರಿತ್ತು. ಚಹಾ ಕುಡಿದು ವಾಪಸಾದೆವು. ಈ ಭಾನುವಾರ ಮತ್ತೆ ಹೊರಡುತ್ತೇವೆ, ಎರಡು ಸ್ಪೇರ್ ಟ್ಯೂಬ್ ಇಟ್ಟುಕೊಂಡು.