ಮನೆವಾರ್ತೆ: ಅಟ್ಟದ ಕೋಣೆಯೂ ಆಚೆಯ ಹಿತ್ತಿಲೂ

ಕೃಷ್ಣರಾಜಪುರದಿಂದ ವಾಚಕಿಯೊಬ್ಬರು ನಮಗೆ ಪತ್ರವನ್ನು ಬರೆದು ಎರಡು ಪ್ರಶ್ನೆಗಳನ್ನು ಕೇಳಿದ್ದಾರೆ. ಹಳೆಯ ಹೆಂಚಿನ ಮನೆಯ ಅಟ್ಟವನ್ನು ವಾಸಯೋಗ್ಯವಾದ ಕೋಣೆಯನ್ನಾಗಿ ಮಾರ್ಪಡಿಸುವ ಕ್ರಮವೇನೆಂಬುದು ಮೊದಲನೆಯದು. ಕೆಲಸಕ್ಕೆ ಅಡ್ಡಬರುವ ನೆರೆಯವರನ್ನು ದಾರಿಗೆ ತರುವ ಉಪಾಯವೇನೆಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳುವಷ್ಟು ಅನುಭವವು ನಮಗೆ ಈಚೆಗೆ ಒದಗಿದೆ. ಎರಡನೆಯದನ್ನು ಕುರಿತು ಹೇಳುವುದಾದರೆ, ದಾರಿಗೆ ಬರಬೇಕಾಗಿದ್ದ ನೆರೆಯವರು ನಾವೇ ಆಗಿದ್ದೆವು. ಆ ವೃತ್ತಾಂತವನ್ನು ಮುಚ್ಚಿಡದೆ ಬರೆಯುವುದೇ ಉಚಿತವೆಂದು ತೋರಿತು.

ನಮ್ಮ ಮನೆಯು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನಕ್ಕೆ ಸಮೀಪದ ಒಂದು ಓಣಿಯಲ್ಲಿದೆ. 1809ರಲ್ಲಿ ಆಂಗ್ಲರು ಇಲ್ಲಿ ದಂಡುಪ್ರದೇಶವನ್ನು ಸ್ಥಾಪಿಸುವುದಕ್ಕೆ ಬಹುಕಾಲ ಮೊದಲೇ ಹಲಸೂರು ಊರಾಗಿತ್ತು. ದಂಡು ಬಂದ ಮೇಲೆ ಜನವೂ ವ್ಯಾಪಾರವೂ ಹೆಚ್ಚಿ ಮನೆಗೆ ಮನೆ ಅಂಟಿಕೊಂಡಿತು. 1898ರ ಪ್ಲೇಗಿನ ತರುವಾಯವೇ ಮನೆಗಳ ನಡುವೆ ಗಾಳಿಯಾಡುವಂತೆ ಸ್ಥಳ ಬಿಡಬೇಕೆಂಬ ವಿವೇಕವು ಬಲವಾಗಿ ಬೇರೂರಿ, ಈ ಶತಮಾನಕ್ಕೆ ಹಿಂದಿನ ಶತಮಾನದ ಆದಿಯಲ್ಲಿ ಫ್ರೇಜರ್ ಟೌನಿನಂತಹ ಬಡಾವಣೆಗಳು ಹುಟ್ಟಿದುವು. ಇಂದಿರಾನಗರವಂತೂ ಅದಕ್ಕಿಂತಲೂ ಎಷ್ಟೋ ಈಚಿನದು. ಆದರೆ ಹಳೆಯ ಓಣಿಗಳು ಹಳೆಯ ಹಾಗೆಯೇ ಉಳಿದುವು. ಇಲ್ಲಿ ಒಂದು ಗೋಡೆಗೆ ಇಬ್ಬರು ಯಜಮಾನರು. ಒಬ್ಬರು ಮೊಳೆ ಹೊಡೆದರೆ ಇನ್ನೊಬ್ಬರ ಮನೆಯ ಪಟವು ಅಲುಗುತ್ತದೆ.

ನಮ್ಮ ಮಗಳೂ ಅಳಿಯಂದಿರೂ ಮಕ್ಕಳೊಡನೆ ನಮ್ಮಲ್ಲಿಯೇ ಬಂದು ನೆಲಸಿದ ಮೇಲೆ ಸ್ಥಳವು ಸಾಲದಾಯಿತು. ಮೊಮ್ಮಗನು ಓದುವುದಕ್ಕೆ ಕೂರುತ್ತಿದ್ದುದು ಊಟದ ಎಲೆ ಹಾಕುವ ಸ್ಥಳದಲ್ಲಿ. ಈಗಿನ ಬೆಲೆಯಲ್ಲಿ ಬೇರೊಂದು ನಿವೇಶನವನ್ನು ಕೊಳ್ಳುವ ಮಾತು ನಮ್ಮಂತಹ ಪಿಂಚಣಿದಾರರಿಗೆ ದೂರ. ಹಿಂಭಾಗದ ನಡುಮನೆಯ ಮೇಲಿನ ಅಟ್ಟದಲ್ಲಿ ಹಿತ್ತಾಳೆಯ ಹಂಡೆಗಳು, ಮುರಿದ ತೊಟ್ಟಿಲು, ನಮ್ಮ ಪಾಠದ ಹಳೆಯ ಟಿಪ್ಪಣಿಗಳು ಇವಿಷ್ಟೇ ಸುಖವಾಗಿ ವಾಸಿಸುತ್ತಿದ್ದುವು. ಅವುಗಳನ್ನು ಕೆಳಗಿಳಿಸಿ ಹುಡುಗನನ್ನು ಮೇಲಕ್ಕೇರಿಸುವುದೆಂದು ನಿಶ್ಚಯಿಸಿದೆವು.

ಅಟ್ಟವನ್ನು ಕೋಣೆ ಮಾಡುವವರು ಮೊದಲು ಎತ್ತರವನ್ನು ಅಳೆಯತಕ್ಕದ್ದು. ನಮ್ಮ ಮಾಡಿನ ಅಗಲವು 20 ಅಡಿ. ಸೂರಿನ ಬಳಿ ಅಟ್ಟದಿಂದ ಮೇಲಕ್ಕೆ ಎರಡಡಿ ಗೋಡೆಯಿದೆ. ಮಾಡಿನ ನೆತ್ತಿಯ ಕೆಳಗೆ ಎಂಟಡಿಗೆ ಕಿಂಚಿತ್ ಕಡಿಮೆ. ಅಂದರೆ ನಡುವಿನ ಪಟ್ಟಿಯಲ್ಲಿ ಮಾತ್ರ ತಲೆಯೆತ್ತಿ ನಡೆಯಬಹುದು. ಅಂಚುಗಳಲ್ಲಿ ಹಾಸಿಗೆ, ಪುಸ್ತಕದ ಗೂಡು, ಪೆಟ್ಟಿಗೆ ಇವುಗಳನ್ನು ಇಡಬೇಕು. ನೆತ್ತಿಯ ಕೆಳಗೆಯೇ ತಲೆ ತಗಲುವ ಅಟ್ಟವಾದರೆ ಅದನ್ನು ಹಂಡೆಗಳಿಗೇ ಬಿಟ್ಟುಬಿಡುವುದು ಲೇಸು.

ಎರಡನೆಯದಾಗಿ ಭಾರದ ವಿಚಾರ. ಹಿಂದಿನವರು ಅಟ್ಟದ ಜಂತೆಗಳನ್ನು ಹೊರಿಸಿದ್ದು ಪಾತ್ರೆಪದಾರ್ಥಗಳ ಭಾರಕ್ಕೆ, ಜನರ ಓಡಾಟಕ್ಕಲ್ಲ. ವಾಸದ ಕೋಣೆಯ ನೆಲವು ಒಂದು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರವನ್ನು ತಾಳಬೇಕೆಂದು ನಮ್ಮ ದೇಶದ ಕಟ್ಟಡದ ಮಾನಕವು ಗೊತ್ತುಮಾಡಿದೆ. ಜಂತೆಯು ನಡುವಿನಲ್ಲಿ ಗಟ್ಟಿಯಾಗಿ ಕಂಡಿತೆಂದು ಮೋಸಹೋಗಬಾರದು. ಗೋಡೆಯೊಳಕ್ಕೆ ಹೊಕ್ಕಿರುವ ತುದಿಯನ್ನು ಉಳಿಯ ಮೊನೆಯಿಂದ ಚುಚ್ಚಿ ನೋಡಬೇಕು. ತೇವವೂ ಗೆದ್ದಲೂ ಸೇರುವುದು ಅಲ್ಲಿಯೇ. ನಮ್ಮ ಮನೆಯಲ್ಲಿ ಹನ್ನೊಂದು ಜಂತೆಗಳಲ್ಲಿ ಮೂರರ ತುದಿಗಳು ಹಿಟ್ಟಾಗಿದ್ದುವು. ಇದನ್ನು ಮೇಸ್ತ್ರಿಯ ಕಣ್ಣಂದಾಜಿಗೆ ಬಿಡದೆ ಬಲ್ಲ ಇಂಜಿನಿಯರೊಬ್ಬರಿಗೆ ತೋರಿಸುವ ವೆಚ್ಚವು ವೆಚ್ಚವೇ ಅಲ್ಲ.

ಮೂರನೆಯದು ಶಾಖ. ಮಂಗಳೂರು ಹೆಂಚು, ಎಂದರೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ಹೂಡಿ ರೂಢಿಗೆ ತಂದ ಹೆಂಚು, ಮಳೆಯನ್ನು ಚೆನ್ನಾಗಿ ತಡೆಯುತ್ತದೆ. ಚೈತ್ರ ವೈಶಾಖಗಳ ಬಿಸಿಲನ್ನು ಅಷ್ಟಾಗಿ ತಡೆಯಲಾರದು. ಹೆಂಚಿನ ಕೆಳಗೆ ಗಾಳಿಗೆ ಸ್ಥಳ ಬಿಟ್ಟು ಹಲಗೆಯ ಒಳಮಾಡನ್ನು ಕೂಡಿಸಬೇಕು. ಎದುರುಬದುರಾಗಿ ಗಾಳಿಗೆ ದಾರಿಯಿರಬೇಕು. ನಾಲ್ಕನೆಯದು ಮೆಟ್ಟಿಲು. ಏಣಿಯು ಹಂಡೆ ಇಳಿಸುವವರಿಗೆ ಸಾಕು. ನಿದ್ದೆಗಣ್ಣಿನಲ್ಲಿ ಇಳಿಯುವ ಹುಡುಗನಿಗೆ ಸಾಲದು. ಮೆಟ್ಟಿಲಿನ ಎತ್ತರವು 19 ಸೆಂಟಿಮೀಟರಿಗೆ ಮೀರದೆ, ಕಾಲಿಡುವ ಅಗಲವು 25ಕ್ಕೆ ಕಡಿಮೆಯಾಗದೆ ಇರುವುದು ಕ್ಷೇಮ. ಹೆಂಚನ್ನು ಬಿಚ್ಚುವ ಕೆಲಸವನ್ನು ಸಂಕ್ರಾಂತಿ ಕಳೆಯುತ್ತಲೇ ತೊಡಗಿ, ಬೇಸಗೆಯ ಗುಡುಗುಮಳೆಗೆ ಮುಂಚೆ ಮುಗಿಸತಕ್ಕದ್ದು.

ಇಷ್ಟನ್ನೂ ನಾವು ಕ್ರಮವಾಗಿ ಯೋಚಿಸಿದೆವು. ಹಾಳೆಯ ಮೇಲೆ ಬರೆದೆವು. ಬರೆಯದೆ ಬಿಟ್ಟದ್ದು ಒಂದೇ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಬೇಕೆಂಬುದು.

ನಮಗೂ ಪಕ್ಕದ ಮನೆಗೂ ನಲವತ್ತು ವರ್ಷಗಳ ಬಳಕೆ. ಅವರ ಮನೆಮಾತು ತಮಿಳು, ನಮ್ಮದು ಕನ್ನಡ. ಜಂಟಿಗೋಡೆಯ ಎರಡು ಕಡೆಯಲ್ಲಿಯೂ ಎರಡೂ ನಡೆಯುತ್ತಿದ್ದುವು. ಅಲ್ಲಿನ ಯಜಮಾನರು ನಮಗಿಂತ ನಾಲ್ಕೈದು ವರ್ಷ ಹಿರಿಯರು. ಅವರ ತಾಯಿಗೆ ತೊಂಬತ್ತು ಸಮೀಪಿಸಿತ್ತು. ಓಣಿಯ ಮಕ್ಕಳೆಲ್ಲರಂತೆ ನಮ್ಮ ಮೊಮ್ಮಕ್ಕಳೂ ಆಕೆಯನ್ನು ಪಾಟಿ ಎಂದೇ ಕರೆಯುತ್ತಿದ್ದರು. ನಮ್ಮ ಅಟ್ಟದ ತ್ರಿಕೋಣಾಕಾರದ ಗೋಡೆಯು ಅವರ ಹಿತ್ತಿಲಿನ ನೇರಕ್ಕೆ ನಿಂತಿದೆ. ಹುಡುಗನಿಗೆ ಬೆಳಕು ಬೇಕೆಂದು ಆ ಗೋಡೆಯಲ್ಲಿ ನಾಲ್ಕಡಿಗೆ ಮೂರಡಿಯ ಕಿಟಕಿಯನ್ನು ಇಡಿಸಲು ಮೇಸ್ತ್ರಿಗೆ ಹೇಳಿಬಿಟ್ಟೆವು.

ಮೊದಲನೆಯ ದಿನ ಅವರ ಹಿತ್ತಿಲಿನಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಗಾರೆಯ ಧೂಳು ಬಿದ್ದಿತು. ಮೂರನೆಯ ದಿನ ಗೋಡೆಯು ತೂತಾಯಿತು. ಯಜಮಾನರು ಬಾಗಿಲಿಗೆ ಬಂದು, "ಮೇಷ್ಟ್ರೇ, ಇದೇನು ಮಾಡಿಸ್ತಾ ಇದ್ದೀರಿ? ಆ ಕಿಟಕಿ ಬೇಡ," ಎಂದರು. ಕಾರಣವನ್ನು ಅವರು ಹೇಳಲಿಲ್ಲ. ನಾವು ಕೇಳಲೂ ಇಲ್ಲ. "ನಮ್ಮ ಗೋಡೆಯಲ್ಲಿ ನಾವು ಕಿಟಕಿ ಇಡಿಸುತ್ತೇವೆ," ಎಂದುಬಿಟ್ಟೆವು. ಮೂವತ್ತು ವರ್ಷ ಹುಡುಗರ ಬಾಯಿ ಮುಚ್ಚಿಸಿದ ನಾಲಗೆಗೆ ಬೇರೆ ಮಾತು ತೋಚಲಿಲ್ಲವೆಂದು ಕಾಣುತ್ತದೆ. ಹತ್ತು ದಿನಗಳಲ್ಲಿ ವಕೀಲರ ನೋಟೀಸು ಬಂದಿತು. ಕೆಲಸ ನಿಂತಿತು. ಗೋಡೆಯ ತೂತು ಮಾತ್ರ ತೆರೆದುಕೊಂಡೇ ಇದ್ದಿತು. ಅದನ್ನು ಮುಚ್ಚಿಸಿದರೆ ಸೋತಂತಾಗುವುದೆಂಬ ಹಟ. ಬಿಚ್ಚಿದ ಹೆಂಚಿನ ಮೇಲೆ ಟಾರ್ಪಾಲು ಹೊದಿಸಿ, ಎರಡು ಮನೆಗಳೂ ಮಾತು ಬಿಟ್ಟು ಕುಳಿತುವು.

ನಮ್ಮ ಹಳೆಯ ಶಿಷ್ಯರೊಬ್ಬರು ವಕೀಲರಾಗಿದ್ದಾರೆ. ಅವರಲ್ಲಿಗೆ ನೋಟೀಸನ್ನು ಕೊಂಡೊಯ್ದು ನಮ್ಮ ಪ್ರತಿದೂರನ್ನೂ ಹೇಳಿಕೊಂಡೆವು. ನೆರೆಯವರ ಬಚ್ಚಲಮನೆಯ ಸೂರಿನ ನೀರು ಮೂವತ್ತು ವರ್ಷಗಳಿಂದಲೂ ನಮ್ಮ ಹಿತ್ತಿಲಿಗೆ ಬೀಳುತ್ತಿರುವುದೆಂದು ನಮ್ಮ ದೂರು. ಶಿಷ್ಯರು ವಿನಯದಿಂದಲೇ ನಮ್ಮನ್ನು ಎರಡು ಕಡೆಯಲ್ಲಿಯೂ ಸೋಲಿಸಿದರು. 1882ರ ಈಸ್‌ಮೆಂಟ್ಸ್ ಆಕ್ಟಿನ ನ್ಯಾಯವು ಹೀಗಂತೆ: ಬೆಳಕು ಗಾಳಿಗಳನ್ನು ಇಪ್ಪತ್ತು ವರ್ಷ ನಿರಾತಂಕವಾಗಿ ಅನುಭವಿಸಿದ ಮೇಲೆ ಮಾತ್ರ ಅದು ಹಕ್ಕಾಗುತ್ತದೆ. ನಿನ್ನೆ ತೆರೆದ ಕಿಟಕಿಯ ಮುಂದೆ ನೆರೆಯವರು ತಮ್ಮ ನೆಲದಲ್ಲಿ ಗೋಡೆಯೆಬ್ಬಿಸಿದರೆ ನಾವು ಕೇಳುವಂತಿಲ್ಲ. ಸೂರಿನ ನೀರಿಗಾದರೋ ಇಪ್ಪತ್ತು ವರ್ಷ ಎಂದೋ ಕಳೆದಿದೆ; ಅದು ಅವರ ಹಕ್ಕಾಗಿರುವ ಸಂಭವವೇ ಹೆಚ್ಚು. "ಅಲ್ಲದೆ, ಸಾರ್, ಪಾಲಿಕೆಯ ಅನುಮತಿಯಿಲ್ಲದೆ ನೆರೆಯ ನೆಲದ ಕಡೆಗೆ ಕಿಟಕಿ ತೆಗೆದಿದ್ದೀರಿ," ಎಂದರು. ಸುಣ್ಣ ಬಳಿಯುವುದಕ್ಕೂ ಒಡೆದ ಹೆಂಚನ್ನು ಬದಲಿಸುವುದಕ್ಕೂ ಯಾರ ಅಪ್ಪಣೆಯೂ ಬೇಡವೆಂಬುದು ನಿಜ. ಆ ಧೈರ್ಯವನ್ನು ನಾವು ಕಿಟಕಿಯವರೆಗೂ ಎಳೆದಿದ್ದೆವು.

ಮನೆಗೆ ಬಂದು, ಅಟ್ಟದಿಂದ ಇಳಿಸಿದ್ದ ಪುಸ್ತಕಗಳ ಧೂಳು ಕೊಡಹುತ್ತಿದ್ದಾಗ ಕೌಟಿಲ್ಯನ ಅರ್ಥಶಾಸ್ತ್ರವು ಕೈಗೆ ಬಂದಿತು. ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ನಮ್ಮವರೇ ಆದ ಆರ್. ಶಾಮಾಶಾಸ್ತ್ರಿಗಳು. ಅದರ ಮೂರನೆಯ ಅಧಿಕರಣದಲ್ಲಿ ಮನೆ, ನೆಲ, ಗಡಿಗಳ ವ್ಯಾಜ್ಯಗಳ ಪ್ರಕರಣವೊಂದುಂಟು. ಅಂತಹ ವ್ಯಾಜ್ಯಗಳು ನೆರೆಯವರ ಮಾತಿನಿಂದ ತೀರತಕ್ಕವೆಂದು ಅಲ್ಲಿಯ ಅಭಿಪ್ರಾಯ. ಕೊಳೆನೀರಿನ ಕಾಲುವೆಯು ನೆರೆಯವರ ಗೋಡೆಯಿಂದ ಇಷ್ಟು ದೂರವಿರಬೇಕೆಂದೂ, ತಪ್ಪಿದರೆ 54 ಪಣ ದಂಡವೆಂದೂ ವಿಧಿಯಿದೆ. ಬೆಳಕಿಗಾಗಿ ಇಡುವ ಗವಾಕ್ಷವು ಚಿಕ್ಕದಾಗಿ ಎತ್ತರದಲ್ಲಿರಬೇಕೆಂದೂ ಇದೆ. ನೆರೆಯವನಿಗೆ ಅಲ್ಲಿ ಬಳಸಿರುವ ಶಬ್ದವು 'ಸಾಮಂತ'. ನಾವು ಈಗ ಸಾಮಂತನೆಂದರೆ ಕಪ್ಪಕಾಣಿಕೆ ಕೊಡುವ ಕೈಕೆಳಗಿನ ಅರಸನೆಂದು ತಿಳಿಯುತ್ತೇವೆ. ಮೂಲದಲ್ಲಿ ಆ ಶಬ್ದಕ್ಕೆ ಗಡಿಯನ್ನು ಹಂಚಿಕೊಂಡವನೆಂಬಷ್ಟೇ ಅರ್ಥ. ಈ ಶಬ್ದದ ವ್ಯುತ್ಪತ್ತಿಯನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವರು ನಾವು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಪುಸ್ತಕದಲ್ಲಿ ಸಿಕ್ಕಿದ್ದಾಯಿತಲ್ಲ, ಇನ್ನಾದರೂ ಆ ಮನೆಗೆ ಹೋಗಿ ಬನ್ನಿ," ಎಂದರು. ಆಗ ವೈಶಾಖ ಮಾಸ. ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಸಂಜೆ ಇಬ್ಬರೂ ಹೋದೆವು. ಯಜಮಾನರು ಕುರ್ಚಿ ತೋರಿಸಿದರು, ಮಾತನಾಡಲಿಲ್ಲ. ಕಿಟಕಿ ಏಕೆ ಬೇಡವೆಂದು ಆ ದಿನ ಕೇಳದೆ ಹೋದೆವು, ಈಗ ಕೇಳಲು ಬಂದಿದ್ದೇವೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಪಾಟಿಗೆ ಬಚ್ಚಲಿನ ಹೊಸ್ತಿಲು ದಾಟುವ ಶಕ್ತಿ ಕುಂದಿ ಎರಡು ವರ್ಷವಾಗಿತ್ತು. ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ, ಚಳಿಗಾಲದ ಬಿಸಿಲಿನಲ್ಲಿ, ಸೊಸೆಯು ಆಕೆಗೆ ನೀರು ಹಾಕಿ, ತಲೆ ಒಣಗುವವರೆಗೆ ಅಲ್ಲಿಯೇ ಕೂರಿಸುತ್ತಿದ್ದರು. ಸುತ್ತಲೂ ಗೋಡೆಯಿದ್ದುದರಿಂದ ಮರ್ಯಾದೆಗೆ ಭಂಗವಿರಲಿಲ್ಲ. ಗೋಡೆ ತೂತಾದ ದಿನದಿಂದ ಪಾಟಿ ಹಿತ್ತಿಲಿಗೆ ಬರಲಿಲ್ಲ. "ಇದನ್ನ ಬೀದಿ ಬಾಗಿಲಲ್ಲಿ ನಿಂತು, ಮೇಸ್ತ್ರಿ ಎದುರಿಗೆ, ಹ್ಯಾಗೆ ಹೇಳಲಿ ಮೇಷ್ಟ್ರೇ?" ಎಂದರು.

ಮರುದಿನವೇ ತೂತನ್ನು ಮುಚ್ಚಿಸಿದೆವು. ಬೆಳಕಿಗೆ ಮಾಡಿನಲ್ಲಿಯೇ ಉಪಾಯವಿತ್ತು. ಹೆಂಚಿನ ಅಳತೆಯ ಗಾಜಿನ ಹೆಂಚುಗಳು ದೊರೆಯುತ್ತವೆ. ಉತ್ತರದ ಇಳಿಜಾರಿನಲ್ಲಿ ಆರು ಹೆಂಚುಗಳನ್ನು ತೆಗೆದು ಆ ಸ್ಥಳದಲ್ಲಿ ಇವನ್ನು ಕೂಡಿಸಿದೆವು. ಹುಡುಗನ ಮೇಜಿನ ಮೇಲೆ ಕಿಟಕಿಯಿಂದ ಬರಬಹುದಾಗಿದ್ದುದಕ್ಕಿಂತಲೂ ಸಮವಾದ ಬೆಳಕು ಬೀಳುತ್ತಿದೆ. ಗಾಜಿನ ಹೆಂಚಿನಿಂದ ಗಾಳಿ ಬಾರದಷ್ಟೆ; ಅದಕ್ಕಾಗಿ ಎದುರುಬದುರಿನ ಗೋಡೆಗಳಲ್ಲಿ ನೆತ್ತಿಯ ಹತ್ತಿರ, ಆಳೆತ್ತರವನ್ನು ಮೀರಿ, ಒಂದೊಂದು ಗೇಣಿನ ಓರೆಪಟ್ಟಿಯ ಕಿಂಡಿಗಳನ್ನು ಇಡಿಸಿದೆವು. ಅವುಗಳಿಂದ ಆಕಾಶವಲ್ಲದೆ ಬೇರೇನೂ ಕಾಣದು. ಈ ಸಲ ಪಾಲಿಕೆಗೆ ಅರ್ಜಿಯನ್ನು ಮೊದಲೇ ಕೊಟ್ಟೆವು. ಅದರೊಡನೆ ಲಗತ್ತಿಸುವುದಕ್ಕೆ ಯಜಮಾನರು ಒಪ್ಪಿಗೆಯ ಪತ್ರವನ್ನು ತಾವೇ ಬರೆದುಕೊಟ್ಟರು. ಸೂರಿನ ನೀರಿಗೆ ಇಬ್ಬರೂ ಸೇರಿ ತಗಡಿನ ದೋಣಿಯೊಂದನ್ನು ಕಟ್ಟಿಸಿ ಚರಂಡಿಗೆ ತಿರುಗಿಸಿದೆವು.

ನಮ್ಮ ವಾಚಕಿಗೆ ನಾವು ಹೇಳತಕ್ಕದ್ದು ಇಷ್ಟು. ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ ಎರಡು ಪಕ್ಕದ ಮನೆಗಳಿಗೂ ಹೋಗಿ ನಕ್ಷೆಯನ್ನು ತೋರಿಸಿರಿ. ಗಂಡಸರಿಗೆ ಮಾತ್ರವಲ್ಲ, ಹಿತ್ತಿಲನ್ನು ಬಳಸುವ ಹೆಂಗಸರಿಗೂ ತೋರಿಸಿರಿ. ಒಡೆಯುವ ದಿನಗಳನ್ನೂ ಹೊತ್ತನ್ನೂ ಮೊದಲೇ ತಿಳಿಸಿರಿ. ಒಣಹಾಕುವವರು ಅಂದು ಒಣಹಾಕದಿರಲಿ. ಜಂಟಿಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳನ್ನು ಎರಡು ಕಡೆಯವರೂ ಕೂಡಿ ನೋಡಿ ಚಿತ್ರ ತೆಗೆದಿಡಿರಿ. ಆಮೇಲೆ ಯಾವುದು ಹಳೆಯದು ಯಾವುದು ಹೊಸದೆಂಬ ವಾದವಿರದು. ಒಪ್ಪಿಗೆಯಾದುದನ್ನು ಸ್ನೇಹಿತರಾದರೂ ಕಾಗದದ ಮೇಲೆ ಬರೆದುಕೊಳ್ಳಿರಿ. ಯಾರಾದರೂ ಕಾರಣ ಹೇಳದೆ 'ಬೇಡ' ಎಂದರೆ, ಆ ದಿನದ ಕೆಲಸವನ್ನು ನಿಲ್ಲಿಸಿ, ಸಂಜೆ ಅವರ ಮನೆಯ ಒಳಗೆ ಹೋಗಿ ಕೇಳಿರಿ.

ಪಾಟಿಯವರು ಅದೇ ವರ್ಷದ ಕಾರ್ತಿಕದಲ್ಲಿ, ಮುಂದಿನ ಚಳಿಗಾಲದ ಬಿಸಿಲು ಏರುವ ಮುನ್ನವೇ ತೀರಿಕೊಂಡರು. ಯಜಮಾನರು ನಮ್ಮನ್ನು ದೂರಲಿಲ್ಲ. ಹನ್ನೊಂದನೆಯ ದಿನ, ಬಂದವರೆಲ್ಲ ಹೋದ ಮೇಲೆ, ಒಗೆಯುವ ಕಲ್ಲಿನ ಕಡೆ ನೋಡುತ್ತ, "ಹೋದ ಮಾಘದಲ್ಲಿ ಅಮ್ಮ ಇಲ್ಲಿ ಕೂತಿದ್ದರೆ ಚೆನ್ನಾಗಿತ್ತು," ಎಂದಷ್ಟೇ ಹೇಳಿದರು. ನಾವು ಏನನ್ನೂ ಹೇಳಲಿಲ್ಲ.

ಮೊಮ್ಮಗನು ಈಗ ಅಟ್ಟದಲ್ಲಿ ಓದುತ್ತಾನೆ. ಗಾಜಿನ ಹೆಂಚುಗಳನ್ನು ವರ್ಷಕ್ಕೆರಡು ಬಾರಿ ತೊಳೆಯಬೇಕಾಗುತ್ತದೆ. ಇಲ್ಲದಿದ್ದರೆ ಪಾಚಿ ಕಟ್ಟಿ ಬೆಳಕು ಮಾಸುತ್ತದೆ. ಹಳೆಯ ಗಾರೆಯ ಗೋಡೆಗೆ ಸಿಮೆಂಟು ಬಳಿಯುವುದರಿಂದಾಗುವ ಕೆಡುಕನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.