ಮನೆಗೆ ಕಳೆಯಂತ್ರ, ಊರಿಗೆ ಗರಗಸ

ಮಧುರೆ ಹೋಬಳಿಯ ಗ್ರಾಮಗಳಲ್ಲಿ ಹೊಲದ ಬದುಗಳನ್ನೂ ತೋಟದ ಸಾಲುಗಳನ್ನೂ ಚೊಕ್ಕಟವಾಗಿಡತಕ್ಕ ಕೆಲಸಕ್ಕೆ ಆಳುಗಳು ದೊರೆಯುವುದು ದುರ್ಲಭವಾಗಿರುವುದು ಜಮೀನುದಾರರೆಲ್ಲರಿಗೂ ತಿಳಿದ ಸಂಗತಿಯಷ್ಟೆ. ದೊಡ್ಡಬಳ್ಳಾಪುರದ ಕಾರ್ಖಾನೆಗಳಲ್ಲಿ ತಿಂಗಳ ಸಂಬಳ ದೊರೆಯುತ್ತಿರಲಾಗಿ, ಯುವಕರು ಕುಡುಗೋಲು ಹಿಡಿದು ಬಿಸಿಲಿನಲ್ಲಿ ಬಗ್ಗುವುದಕ್ಕೆ ಒಪ್ಪದಿರುವುದು ಆಶ್ಚರ್ಯವಲ್ಲ. ಆದಕಾರಣ ಪೆಟ್ರೋಲಿನಿಂದ ನಡೆಯುವ ಎರಡು ಯಂತ್ರಗಳು ನಮ್ಮ ಮನೆಗಳನ್ನು ಪ್ರವೇಶಿಸಿವೆ: ಹುಲ್ಲು ಪೊದೆಗಳನ್ನು ಸವರುವ ಬ್ರಷ್ ಕಟರ್ ಒಂದು, ಮರ ಕೊಯ್ಯುವ ಚೈನ್ ಸಾ ಎಂಬ ಸರಪಳಿ ಗರಗಸ ಮತ್ತೊಂದು. ಒಂದೇ ಅಂಗಡಿಯಲ್ಲಿ ದೊರೆಯುವುವಾದರೂ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೊದಲನೆಯದು ಮನೆಗೊಂದು ಇರಬಹುದು. ಎರಡನೆಯದು ಊರಿಗೊಂದು ಇದ್ದರೆ ಸಾಕೆಂಬುದು ನಮ್ಮ ಅಭಿಪ್ರಾಯವು.

ಕಳೆಯಂತ್ರವನ್ನು ಕೊಳ್ಳುವವರು ಅದರ ಬಲವನ್ನಲ್ಲ, ತಮ್ಮ ಕೆಲಸವನ್ನು ಮೊದಲು ಅಳೆಯತಕ್ಕದ್ದು. ಅಂಗಳ, ಬದು ಮತ್ತು ಒಂದೆರಡು ಎಕರೆ ತೋಟದ ಹುಲ್ಲಿಗೆ 35 ಸಿ.ಸಿ. ಆಸುಪಾಸಿನ ಯಂತ್ರವೇ ಸಾಕು. ಲಂಟಾನದಂಥ ಗಟ್ಟಿ ಪೊದೆಗಳಿದ್ದಲ್ಲಿ 40ರಿಂದ 50 ಸಿ.ಸಿ.ಯದು ಬೇಕಾಗುವುದು. ನಾಲ್ಕು ಸ್ಟ್ರೋಕಿನ ಯಂತ್ರಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುವ ತಾಪತ್ರಯವಿಲ್ಲ. ಆದರೆ ಅದರ ಎಂಜಿನ್ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಎರಡು ಸ್ಟ್ರೋಕಿನದು ಹಗುರ, ಕಟ್ಟಡ ಸರಳ. ಆದರೆ ತಯಾರಕರು ಹೇಳಿದ ಪ್ರಮಾಣದಲ್ಲಿ ಎಣ್ಣೆಯನ್ನು ಬೆರೆಸಿಯೇ ಓಡಿಸಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಲೀಟರು. 25ಕ್ಕೆ 1 ಎಂದಿದ್ದರೆ 40. ಕಣ್ಣಂದಾಜಿನಿಂದ ಸುರಿದವರು ಪಿಸ್ಟನ್ನನ್ನು ಸುಟ್ಟುಕೊಳ್ಳುವರು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದಲೂ, ಅದು ಗಾಳಿಯ ತೇವವನ್ನು ಹೀರುವ ವಸ್ತುವಾದುದರಿಂದಲೂ, ಬೆರೆಸಿದ ಪೆಟ್ರೋಲನ್ನು ತಿಂಗಳಿಗೆ ಮೀರಿ ಇಡಬಾರದು. ಸುಗ್ಗಿ ಮುಗಿದು ಯಂತ್ರವನ್ನು ಮೂಲೆಗೆ ಸೇರಿಸುವ ಮುನ್ನ ಟ್ಯಾಂಕನ್ನು ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸತಕ್ಕದ್ದು.

ಮೆತ್ತನೆಯ ಹುಲ್ಲಿಗೂ ಕಲ್ಲುಬದುವಿಗೂ ನೈಲಾನ್ ದಾರವನ್ನೂ, ಗಟ್ಟಿ ಕಡ್ಡಿಗೆ ಉಕ್ಕಿನ ಅಲಗನ್ನೂ ಉಪಯೋಗಿಸಬೇಕು. ದಾರವು ಮೆತ್ತಗಿದೆಯೆಂದು ಎಳೆಯ ಮಾವಿನ ಸಸಿಗಳ ಬುಡಕ್ಕೆ ತಾಗಿಸಿದರೆ ಅದು ಸುತ್ತಲೂ ಸಿಪ್ಪೆಯನ್ನು ಸುಲಿದು ಗಿಡವನ್ನೇ ಒಣಗಿಸುವುದುಂಟು. ಬುಡದ ಸುತ್ತ ಒಂದು ಮೊಳದಷ್ಟು ಜಾಗವನ್ನು ಕೈಯಿಂದಲೇ ಕಳೆ ತೆಗೆಯುವುದು ಮೇಲು. ಅಲಗಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುವುದರಿಂದ, ಕನ್ನಡಕವಿಲ್ಲದೆ ಯಾರನ್ನೂ ಕೆಲಸಕ್ಕೆ ಬಿಡಬಾರದು. 15 ಮೀಟರಿನೊಳಗೆ ಮಕ್ಕಳೂ ದನಕರುಗಳೂ ಸುಳಿಯದಂತೆ ನೋಡಿಕೊಳ್ಳಬೇಕು.

ಗರಗಸದ ಮಾತು ಬೇರೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬುವರು 1929ರಲ್ಲಿ ಮಾಡಿದ ಪೆಟ್ರೋಲ್ ಗರಗಸವು ಸುಮಾರು 46 ಕಿಲೋಗ್ರಾಂ ತೂಗುತ್ತಿದ್ದು, ಅದನ್ನು ಹಿಡಿಯಲು ಇಬ್ಬರು ಬೇಕಾಗುತ್ತಿದ್ದಿತು. ಈಗ ಅದು ಐದಾರು ಕಿಲೋಗ್ರಾಮಿಗೆ ಇಳಿದು ಒಬ್ಬನ ಕೈಗೆ ಬಂದಿದೆ. ಅಪಾಯವು ಮಾತ್ರ ತೂಕದೊಡನೆ ಇಳಿದಿಲ್ಲ. ಓಡುವ ಸರಪಳಿಯ ತುದಿಯ ಮೇಲ್ಭಾಗವು ಕೊಂಬೆಗೆ ತಾಗಿದರೆ, ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಎಗರಿ ಹಿಡಿದವನ ಮುಖಕ್ಕೋ ಹೆಗಲಿಗೋ ಬೀಳುವುದು. ಆ ಕ್ಷಣದಲ್ಲಿ ಸರಪಳಿಯ ಓಟವನ್ನು ನಿಲ್ಲಿಸುವ ಸರಪಳಿ ಬ್ರೇಕು ಇಲ್ಲದ ಗರಗಸವನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಅಂಗಡಿಯವರು 22 ಅಂಗುಲದ ಪಟ್ಟಿಯ ದೊಡ್ಡ ಗರಗಸವನ್ನು ಸಣ್ಣ ಬೆಲೆಗೆ ತೋರಿಸುವುದುಂಟು. ಕೊಂಬೆ ಸವರುವ ಮನೆಗೆಲಸಕ್ಕೆ 35ರಿಂದ 40 ಸಿ.ಸಿ., 14ರಿಂದ 16 ಅಂಗುಲದ ಪಟ್ಟಿಯೇ ಯೋಗ್ಯವಾದುದು. ಪಟ್ಟಿ ಉದ್ದವಾದಷ್ಟೂ ತುದಿಯ ಮೇಲೆ ಕಣ್ಣಿಡುವುದು ಕಷ್ಟ.

2017ರಲ್ಲಿ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಳೆಯ ನೀಲಗಿರಿ ತೋಪುಗಳನ್ನು ಕಡಿದು ನೆಲವನ್ನು ರಾಗಿಗೂ ತೋಟಕ್ಕೂ ಹಸನುಮಾಡುವವರು ನಮ್ಮಲ್ಲಿದ್ದಾರೆ. ಇಂಥ ಕೆಲಸವು ಹತ್ತು ವರ್ಷಕ್ಕೊಮ್ಮೆ ಬರತಕ್ಕದ್ದು. ಅದಕ್ಕಾಗಿ ಪ್ರತಿಯೊಬ್ಬರೂ ದೊಡ್ಡ ಗರಗಸವನ್ನು ಕೊಂಡು, ಅಭ್ಯಾಸವಿಲ್ಲದ ಕೈಗೆ ಕೊಡುವುದು ವಿವೇಕವಲ್ಲ. ಗಾಳಿಮಳೆಗೆ ಮರ ಬಿದ್ದ ರಾತ್ರಿ ಊರ ಗರಗಸಕ್ಕಾಗಿ ಯಾರು ಕಾಯುವರೆಂದು ಕೆಲವರು ಕೇಳಬಹುದು. ಸೊಂಟದೆತ್ತರಕ್ಕೆ ಬಿಗಿದು ನಿಂತ ಮರವನ್ನು ಕತ್ತಲಲ್ಲಿ ಕೊಯ್ಯುವುದು ನುರಿತವನಿಗೂ ಕಠಿನವೆಂಬುದೇ ಇದಕ್ಕೆ ಉತ್ತರ. ಗ್ರಾಮದವರು ಕೂಡಿ ಒಳ್ಳೆಯ ಗರಗಸವೊಂದನ್ನು ಕೊಂಡು, ಇಬ್ಬರಿಗೆ ಕ್ರಮವಾಗಿ ಕಲಿಸಿ, ಶಿರಸ್ತ್ರಾಣ, ಕಿವಿಮುಚ್ಚು, ಗಟ್ಟಿ ಬೂಟುಗಳೊಡನೆ ಬಾಡಿಗೆಗೆ ಕಳುಹಿಸುವ ಏರ್ಪಾಡು ಮಾಡಿದರೆ ಹಣವೂ ಉಳಿಯುವುದು, ಕೈಕಾಲೂ ಉಳಿಯುವುದು.

ಇದರಲ್ಲಿ ಮತ್ತೊಂದು ಲಾಭವುಂಟು. ಕೊಡಲಿಯಿಂದ ಒಂದು ದಿನ ಹಿಡಿಯುತ್ತಿದ್ದ ಮರವು ಗರಗಸಕ್ಕೆ ಅರೆಗಳಿಗೆಯಲ್ಲಿ ನೆಲ ಹಿಡಿಯುತ್ತದೆ. ಪುನರಾಲೋಚನೆಗೆ ಅವಕಾಶವೇ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ನೀಲಗಿರಿ, ಸರ್ವೆ, ತೆಂಗು ಮೊದಲಾದವುಗಳಿಗೆ ವಿನಾಯಿತಿಯುಂಟು; ಉಳಿದ ಮರಗಳ ವಿಷಯದಲ್ಲಿ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಕೈ ಹಾಕಬಾರದು. ಗರಗಸವು ಊರಿನವರ ವಶದಲ್ಲಿದ್ದು, ಯಾರ ಮರ, ಯಾವ ಜಾತಿ, ಅನುಮತಿ ಉಂಟೆ ಎಂಬುದನ್ನು ಪುಸ್ತಕದಲ್ಲಿ ಬರೆದು ಕಳುಹಿಸುವ ಪದ್ಧತಿಯಿದ್ದರೆ, ಹಿರಿಯರು ನೆಟ್ಟ ಗುಂಡುತೋಪುಗಳಿಗೆ ಅದಕ್ಕಿಂತ ದೊಡ್ಡ ಕಾವಲು ಬೇರಿಲ್ಲ.

ಕೊನೆಯದಾಗಿ, ಯಾವ ಯಂತ್ರವನ್ನೇ ಕೊಳ್ಳಲಿ, ಬಿಡಿಭಾಗವೂ ರಿಪೇರಿಯವನೂ ದೊಡ್ಡಬಳ್ಳಾಪುರದಲ್ಲಿ ದೊರೆಯುವರೇ ಎಂದು ಮೊದಲು ಕೇಳಿ, ಸಹಾಯಧನದ ಸಂಗತಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅನಂತರ ಹಣ ಕೊಡತಕ್ಕದ್ದು. ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ, ಮಳೆಗಾಲಕ್ಕೆ ಮುಂಚೆಯೇ ಒಂದು ನಿರ್ಧಾರಕ್ಕೆ ಬರಬೇಕಾಗಿ ವಿಜ್ಞಾಪಿಸುತ್ತೇವೆ.